ತುಂಗೆಯ ದಡದ ಅಗಲ ಎಲೆಗಳು

ಮಲೆನಾಡನ್ನು ನೋಡಬೇಕೆಂದು ಹೊರಡುವವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ದೀಪಾವಳಿ ಕಳೆಯಲಿ, ಮಳೆ ಹಿಂದೆಗೆಯಲಿ, ದಾರಿಯ ಕೆಸರು ಆರಲಿ, ಆಮೇಲೆ ಹೋಗಿ. ಬೆಟ್ಟದ ನೆತ್ತಿಯನ್ನೂ ದೇವಾಲಯಗಳನ್ನೂ ನೋಡುವವರಿಗೆ ಈ ಮಾತು ಸರಿಯೇ. ಆದರೆ ಎಲೆಗಳನ್ನು ನೋಡಬೇಕೆಂಬ ಹಂಬಲವುಳ್ಳವರು ಇದಕ್ಕೆ ಕಿವಿಗೊಡಬಾರದು. ಅಂಥವರು ಆಷಾಢದಲ್ಲೇ ಹೊರಡಬೇಕು. ಕೊಡೆಯನ್ನು ನಂಬದೆ ಹೊರಡಬೇಕು. ಜಿಗಣೆಗಳಿಗೆ ಒಂದಿಷ್ಟು ರಕ್ತದಾನ ಮಾಡಲು ಮನಸ್ಸನ್ನು ಮೊದಲೇ ಗಟ್ಟಿಮಾಡಿಕೊಂಡಿರಬೇಕು. ‘ಎಲೆ ನೋಡುವುದಕ್ಕೆ ಯಾರಾದರೂ ಪ್ರಯಾಣ ಮಾಡುವುದುಂಟೆ?’ ಎಂದು ನಗುವವರಿದ್ದಾರೆ. ಹೂವನ್ನು ನೋಡಲು ಜಪಾನಿನವರೆಗೆ ಹೋಗಿಬರುವವರನ್ನು ಕಂಡು ಯಾರೂ ನಗುವುದಿಲ್ಲ. ಎಲೆ ಮಾಡಿದ ಪಾಪವಾದರೂ ಏನು?

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರು ದಾರಿ. ತುಂಗಾನದಿ ಈ ದಾರಿಯ ಜೊತೆಯನ್ನು ಬಹಳ ಹೊತ್ತು ಬಿಡುವುದಿಲ್ಲ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಗಳ ಬಿಡಾರ, ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಮಂಡಗದ್ದೆಯ ನಡುಗಡ್ಡೆ, ಇವೆಲ್ಲ ಒಂದಾದ ಮೇಲೊಂದು ಬರುತ್ತವೆ. ಮೊದಮೊದಲು ಕಾಣುವ ಅಗಲ ಎಲೆ ಸಾಗುವಾನಿಯದು. ಅದರ ಎಳೆಯೆಲೆಯನ್ನು ಅಂಗೈಯಲ್ಲಿಟ್ಟು ಹೊಸಕಿದರೆ ಕೈ ಕುಂಕುಮದಂತೆ ಕೆಂಪಾಗುತ್ತದೆ. ಇದಕ್ಕಿಂತ ಸುಲಭವಾದ ಗುರುತನ್ನು ಯಾವ ಮರವೂ ಇಟ್ಟುಕೊಂಡಿಲ್ಲ. ಪಶ್ಚಿಮಕ್ಕೆ ಹೋದಂತೆ ಮಳೆ ಏರುತ್ತದೆ. ತೀರ್ಥಹಳ್ಳಿಯ ಆಚೆಗಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಮಳೆ ಏರಿದಂತೆ ನೆಲಕ್ಕೆ ಹತ್ತಿರದ ಗಿಡಗಳ ಎಲೆಯೂ ಅಗಲವಾಗುತ್ತ ಬರುವುದನ್ನು ಬಸ್ಸಿನ ಕಿಟಕಿಯಿಂದಲೇ ಕಾಣಬಹುದು. ಇದಕ್ಕೆ ಕಾರಣವೂ ಸರಳವಾದುದೇ. ಎಲೆ ಅಗಲವಾದಷ್ಟೂ ಹಿಡಿಯುವ ಬೆಳಕು ಹೆಚ್ಚು. ಆವಿಯಾಗಿ ಕಳೆದುಹೋಗುವ ನೀರೂ ಹೆಚ್ಚು. ದಟ್ಟ ಮರಗಳ ನೆರಳಿನಲ್ಲಿ ಬೆಳಕಿಗೆ ಬರ. ಹೊಳೆಯ ದಡದಲ್ಲಿ ನೀರಿಗೆ ಬರವಿಲ್ಲ. ಈ ಎರಡೂ ಕೂಡಿದ ಕಡೆ ಗಿಡಗಳು ಜಿಪುಣತನವನ್ನು ಬಿಟ್ಟು ಮೊರದಗಲದ ಎಲೆಯನ್ನು ಬಿಚ್ಚುತ್ತವೆ.

ತೀರ್ಥಹಳ್ಳಿಯಿಂದ ನದಿಯ ಮೇಲ್ದಿಕ್ಕಿಗೆ ಸ್ವಲ್ಪ ದೂರದಲ್ಲಿ ನನ್ನ ಪರಿಚಿತರೊಬ್ಬರ ಅಡಕೆಯ ತೋಟವಿದೆ. ಮನೆಯ ಹಿಂದೆ ತೋಟ, ತೋಟದ ಕೊನೆಗೆ ಹಳ್ಳ, ಹಳ್ಳ ಹೋಗಿ ಸೇರುವುದು ತುಂಗೆಯನ್ನು. ಮೈಸೂರಿನ ವಕೀಲ ಮಿತ್ರರೊಬ್ಬರು ನನ್ನ ಜೊತೆ ಬಂದಿದ್ದರು. ಅವರು ತೋಟಕ್ಕೆ ಕಾಲಿಟ್ಟ ಕ್ಷಣದಿಂದ ಕಂಡ ಅಗಲ ಎಲೆಗಳಿಗೆಲ್ಲ ‘ಕೆಸು’ ಎಂದು ತೀರ್ಪು ಕೊಡುತ್ತ ಬಂದರು. ಬಸಿಗಾಲುವೆಯ ಅಂಚಿನಲ್ಲಿ ನಿಂತದ್ದೂ ಕೆಸು, ಬೇಲಿಯ ಬುಡದಲ್ಲಿ ಆಳೆತ್ತರಕ್ಕೆ ಬೆಳೆದದ್ದೂ ಕೆಸು, ಹಲಸಿನ ಮರದ ಕವಲಿನಲ್ಲಿ ಕುಳಿತದ್ದೂ ಕೆಸು. ಆ ಮನೆಯ ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು. ಗೊರಬನ್ನು ತಲೆಗೇರಿಸಿಕೊಂಡು ನಮ್ಮ ಹಿಂದೆಯೇ ಬರುತ್ತಿದ್ದ ಆಕೆ ನಕ್ಕು, “ಎಲೆ ನೋಡಿ ಮರುಳಾಗಬೇಡಿ, ತೊಟ್ಟು ನೋಡಿ” ಎಂದರು. ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಇಷ್ಟು ಕಡಿಮೆ ಮಾತಿನಲ್ಲಿ ಪಾಠ ಮುಗಿಸುವ ವಿದ್ಯೆ ಇನ್ನೂ ಕೈಹತ್ತಿಲ್ಲ.

ತೊಟ್ಟಿನ ಪಾಠ ಇಷ್ಟೇ. ಕೆಸುವಿನ ಎಲೆಯ ಮೇಲ್ತುದಿಯಲ್ಲಿ ಹೃದಯದಾಕಾರದ ಸೀಳು ಇದೆಯಲ್ಲವೆ? ತೊಟ್ಟು ಆ ಸೀಳಿನ ಕೊನೆಗೆ ಬಂದು ಕೂಡುವುದಿಲ್ಲ. ಅದಕ್ಕಿಂತ ಒಳಗೆ, ಎಲೆಯ ಬೆನ್ನಿನ ಮಧ್ಯಭಾಗಕ್ಕೆ, ಕೊಡೆಯ ಕೋಲು ಬಟ್ಟೆಗೆ ತಾಗುವಂತೆ ತಾಗುತ್ತದೆ. ಆದುದರಿಂದ ಎಲೆ ತೂಗುಹಾಕಿದಂತೆ ಇದ್ದು, ಅದರ ಮೂಗು ನೆಲವನ್ನು ನೋಡುತ್ತದೆ. ಮೈ ಹೊಳಪಿಲ್ಲದ, ಮಸುಕಾದ ಹಸುರು. ಬೇಲಿಯ ಬುಡದ ಆಳೆತ್ತರದ ಗಿಡವೋ ಬೇರೆಯೇ. ಸಂಸ್ಕೃತದಲ್ಲಿ ಅದಕ್ಕೆ ಮಾನಕಂದವೆಂದು ಹೆಸರು, ಸಸ್ಯಶಾಸ್ತ್ರದಲ್ಲಿ ಅಲೊಕೇಸಿಯ. ಅದರ ಬೆಳೆದ ಎಲೆಯಲ್ಲಿ ಸೀಳು ನೇರವಾಗಿ ತೊಟ್ಟಿನವರೆಗೂ ಇಳಿದಿರುತ್ತದೆ. ಎಲೆ ದಪ್ಪ, ಮೈ ಎಣ್ಣೆ ಸವರಿದಂತೆ ಹೊಳಪು. ಮೂಗು ಆಕಾಶವನ್ನು ನೋಡುತ್ತದೆ. ಬುಡದಲ್ಲಿ ಸಣ್ಣ ಮರದಂಥ ಕಾಂಡವೂ ಏಳುತ್ತದೆ. ಬಂಗಾಳದವರು ಇದರ ಕಾಂಡವನ್ನು ಹದವರಿತು ಬೇಯಿಸಿ ಉಣ್ಣುತ್ತಾರೆ. ಕೆಸುವೆಂದು ತಿಳಿದು ಇದರ ಎಲೆಯನ್ನು ಅಡುಗೆಮನೆಗೆ ತಂದವರ ಪಾಡು ಮಾತ್ರ ಬೇಡ.

ಕೆಸುವಿನ ಎರಡನೆಯ ಗುರುತು ಮಳೆ ಬಂದಾಗ ತಾನಾಗಿ ಕಾಣುತ್ತದೆ. ಹನಿ ಎಲೆಯ ಮೇಲೆ ಬಿದ್ದರೆ ಹರಡುವುದಿಲ್ಲ, ಅಂಟುವುದಿಲ್ಲ. ಪಾದರಸದಂತೆ ಉಂಡೆಗಟ್ಟಿ, ಎಲೆ ಅಲುಗಿದತ್ತ ಉರುಳಿ, ಕೊನೆಗೆ ಮೂಗಿನಿಂದ ಕೆಳಕ್ಕೆ ಜಾರುತ್ತದೆ. ಅಂಟಿಯೂ ಅಂಟದ ಬಾಳಿಗೆ ನಮ್ಮ ಕವಿಗಳು ತಾವರೆಯೆಲೆಯ ನೀರನ್ನು ಹೋಲಿಸಿದರು. ಆಡುಮಾತಿನವರು ಹತ್ತಿರವೇ ಇದ್ದ ಕೆಸುವಿನೆಲೆಯ ನೀರನ್ನು ಹೋಲಿಸಿದರು. ಇಬ್ಬರೂ ಒಂದೇ ವಿಷಯವನ್ನು ಕಂಡಿದ್ದರು. ಜರ್ಮನಿಯ ಸಸ್ಯಶಾಸ್ತ್ರಜ್ಞರಾದ ಬಾರ್ಥ್‌ಲಾಟ್ ಮತ್ತು ನೈನ್‌ಹುಯಿಸ್ ಎಂಬುವರು 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ತಾವರೆಯೆಲೆಯ ಜೊತೆಗೆ ಕೆಸುವಿನೆಲೆಯೂ ಇತ್ತು. ಬರಿಗಣ್ಣಿಗೆ ನುಣುಪಾಗಿ ಕಾಣುವ ಆ ಮೈಯಲ್ಲಿ ಅತಿ ಸೂಕ್ಷ್ಮವಾದ ಉಬ್ಬುಗಳಿದ್ದು, ಅವುಗಳ ಮೇಲೆ ಮೇಣದ ಹರಳುಗಳ ಹೊದಿಕೆಯಿದೆ. ಹನಿ ಉಬ್ಬುಗಳ ತುದಿಯ ಮೇಲಷ್ಟೇ ನಿಲ್ಲುತ್ತದೆ. ಉರುಳುವಾಗ ಧೂಳನ್ನೂ ಎತ್ತಿಕೊಂಡು ಹೋಗುತ್ತದೆ. ಕೆಸರಿನಲ್ಲಿ ನಿಂತ ಕೆಸುವಿನ ಎಲೆ ಸದಾ ತೊಳೆದಿಟ್ಟಂತೆ ಇರುವುದಕ್ಕೆ ಇದೇ ಕಾರಣ.

ತಾವರೆಯ ಮಾತು ಬಂದುದರಿಂದ ಅದನ್ನೂ ಇಲ್ಲೇ ಮುಗಿಸುತ್ತೇನೆ. ದೇವಸ್ಥಾನದ ಕೊಳದಲ್ಲಿ ತಾವರೆ ಯಾವುದು, ನೈದಿಲೆ ಯಾವುದು ಎಂದು ಹೂವಿಲ್ಲದ ಕಾಲದಲ್ಲಿ ತಿಳಿಯದೆ ಅನೇಕರು ವಾದಕ್ಕಿಳಿಯುತ್ತಾರೆ. ನೈದಿಲೆಯ ಎಲೆಗೆ ತೊಟ್ಟಿನವರೆಗೆ ಸೀಳಿದೆ, ಅದು ನೀರಿನ ಮೇಲೆ ತೇಲುತ್ತದೆ. ತಾವರೆಗೆ ಸೀಳೇ ಇಲ್ಲ. ತೊಟ್ಟು ತಟ್ಟೆಯ ನಟ್ಟನಡುವಿಗೆ ಬಂದು, ಬಲಿತ ಎಲೆಯನ್ನು ನೀರಿನಿಂದ ಮೇಲಕ್ಕೆತ್ತಿ ಹಿಡಿಯುತ್ತದೆ. ಇಲ್ಲಿಯೂ ಅಜ್ಜಿಯ ಸೂತ್ರವೇ! ಇನ್ನೊಂದು ಸ್ವಾರಸ್ಯವಿದೆ. ಶಾಸ್ತ್ರಜ್ಞರು ಕೆಸುವಿಗಿಟ್ಟ ಹೆಸರು ಕೊಲೊಕೇಸಿಯ ಎಂದು. ಹಿಂದೆ ಗ್ರೀಕರಲ್ಲಿ ಆ ಹೆಸರು ಸಲ್ಲುತ್ತಿದ್ದುದು ಈಜಿಪ್ಟಿನಲ್ಲಿ ಬೆಳೆಯುತ್ತಿದ್ದ ತಾವರೆಯ ಗೆಡ್ಡೆಗೆ. ಕಾಲಕ್ರಮದಲ್ಲಿ ಅದು ತಾವರೆಯನ್ನು ಬಿಟ್ಟು ಕೆಸುವಿಗೆ ಬಂದು ಅಂಟಿತು. ಈಜಿಪ್ಟಿನವರು ಈಗಲೂ ಕೆಸುವಿನ ಗೆಡ್ಡೆಯನ್ನು ಕುಲ್ಕಾಸ್ ಎಂದು ಕರೆದು ಉಣ್ಣುತ್ತಾರೆ.

ನಮ್ಮ ಹೆಸರಿನ ಕಥೆಯೂ ಕಡಿಮೆಯದಲ್ಲ. ಕೆಸರಿನಲ್ಲಿ ಬೆಳೆಯುವುದರಿಂದ ಕೆಸು ಎಂದು ಹೇಳಿಬಿಡಲು ಯಾರಿಗಾದರೂ ನಾಲಗೆ ತುರಿಸುತ್ತದೆ. ಆದರೆ ನೆರೆಹೊರೆಯನ್ನು ವಿಚಾರಿಸದೆ ಮನೆಯವರ ಮೂಲವನ್ನು ಹೇಳಬಾರದು. ತಮಿಳಿನವರು ಶೇಂಬು ಎನ್ನುತ್ತಾರೆ, ಮಲೆಯಾಳದವರು ಚೇಂಬು, ತೆಲುಗರು ಚೇಮ, ತುಳುವರು ತೇವು; ಕೊಡಗಿನಲ್ಲಿ ಕೆಂಬು. ನಮ್ಮ ಕಿವಿ ತಮಿಳಿನಲ್ಲಿ ಚೆವಿಯಾಗುತ್ತದೆ, ನಮ್ಮ ಕೆರೆ ತೆಲುಗಿನಲ್ಲಿ ಚೆರುವಾಗುತ್ತದೆ ಎಂಬುದನ್ನು ಬಲ್ಲವರಿಗೆ ಇವೆಲ್ಲ ಒಂದೇ ಮನೆಯ ಮಕ್ಕಳೆಂದು ತೋರದೆ ಇರದು. ಕೆಸರಿನಿಂದ ಕೆಸು ಎಂದವರು ಚೇಮ, ತೇವುಗಳನ್ನು ಯಾವ ಕೆಸರಿನಿಂದ ತೆಗೆಯುತ್ತಾರೋ ನೋಡಬೇಕು.

ಹಲಸಿನ ಮರದ ಕವಲಿನಲ್ಲಿ ಕುಳಿತದ್ದರ ವಿಷಯದಲ್ಲಿ ಮಾತ್ರ ವಕೀಲರ ತೀರ್ಪು ಅರ್ಧ ನಿಜ. ಅದು ಮರಕೆಸು. ನೆಲದ ಕೆಸುವಿಗೆ ದಾಯಾದಿ, ಆದರೆ ಜಾತಿ ಬೇರೆ. ಮುಂಗಾರು ಬಿದ್ದ ಕೆಲವೇ ವಾರಗಳಲ್ಲಿ ಹಳೆಯ ಮರಗಳ ಹಾವಸೆ ಕಟ್ಟಿದ ತೊಗಟೆಯ ಮೇಲೆ, ಬಂಡೆಯ ಸಂದಿನಲ್ಲಿ, ಒಂದೆರಡು ಹಸುರು ಹೃದಯಗಳು ಮೂಡುತ್ತವೆ. ಮಳೆ ಹೋದಂತೆ ಅವೂ ಹೋಗುತ್ತವೆ. ಅಷ್ಟು ಎತ್ತರಕ್ಕೆ ಇದು ಏರುವುದು ಹೇಗೆ? ಗಿಡದ ಬುಡದಿಂದ ಒಂದು ಕಡ್ಡಿ ನೆಟ್ಟಗೆ ಎದ್ದು, ಅದರ ತುಂಬ ಜೋಳದ ಕಾಳಿನಷ್ಟು ಪುಟ್ಟ ಮರಿಗೆಡ್ಡೆಗಳು ಮೂಡುತ್ತವೆ. ಅವುಗಳ ಮೈಯ ಹುರುಪೆಗಳಿಗೆ ಕೊಕ್ಕೆಯಿದೆ. ಹಕ್ಕಿಯ ಗರಿಗೋ ಪ್ರಾಣಿಯ ರೋಮಕ್ಕೋ ಸಿಕ್ಕಿಕೊಂಡು ಇನ್ನೊಂದು ಮರವನ್ನು ಸೇರುತ್ತವೆ. ಟಿಕೆಟ್ಟಿಲ್ಲದ ಪ್ರಯಾಣ! ಆಸ್ಟ್ರಿಯದ ಶಾಟ್ ಎಂಬ ಸಸ್ಯಶಾಸ್ತ್ರಜ್ಞ 1832ರಲ್ಲಿ ಇದಕ್ಕೆ ರೆಮುಸೇಷಿಯ ಎಂಬ ಕುಲನಾಮವಿಟ್ಟ. ಇದು ಫ್ರಾನ್ಸಿನ ಆಬೆಲ್ ರೆಮುಸಾ ಎಂಬ ವಿದ್ವಾಂಸನ ಸ್ಮರಣೆ. ಆತ ಪ್ಯಾರಿಸ್ಸಿನಲ್ಲಿ 1814ರಿಂದ ಚೀನೀ ಭಾಷೆಯ ಪ್ರಾಧ್ಯಾಪಕನಾಗಿದ್ದವನು. ಚೀನೀ ಪಂಡಿತನೊಬ್ಬನ ಹೆಸರು ತೀರ್ಥಹಳ್ಳಿಯ ಹಲಸಿನ ಮರದ ಮೇಲೆ ಕುಳಿತಿದೆಯೆಂದು ನಾನು ಹೇಳಿದಾಗ ಅಜ್ಜಿ, “ಕೂತ್ಕೊಳ್ಳಲಿ ಬಿಡಿ, ಇನ್ನೆರಡು ದಿನಕ್ಕೆ ಇಳಿಸ್ತೀನಿ” ಎಂದರು. ಮರಕೆಸುವಿನ ಪತ್ರೊಡೆಗೆ ಮಲೆನಾಡಿನಲ್ಲಿ ಅಷ್ಟು ಮರ್ಯಾದೆ.

ಹಳ್ಳದ ದಾರಿಯಲ್ಲಿ ಇನ್ನೂ ಕೆಲವು ಅಗಲ ಎಲೆಗಳು ಸಿಕ್ಕವು. ಹಾವಿನ ಮೈಯಂತೆ ಮಚ್ಚೆಗಳಿರುವ ಒಂದೇ ದಪ್ಪ ದಂಟು, ಅದರ ತುದಿಯಲ್ಲಿ ಹರಿದ ಕೊಡೆಯಂತೆ ಸೀಳುಸೀಳಾದ ಒಂದೇ ಎಲೆ: ಇದು ಸುವರ್ಣಗಡ್ಡೆ. ಎಲೆ ಬರುವ ಮೊದಲು ಬರುವ ಅದರ ಹೂವಿನ ದುರ್ವಾಸನೆ ಒಮ್ಮೆ ಮೂಗಿಗೆ ಬಿದ್ದವರು ಆ ಗಿಡವನ್ನು ಮತ್ತೆ ಮರೆಯಲಾರರು. ಕೋಲಿನ ಸುತ್ತ ಮೆಟ್ಟಿಲಿನಂತೆ ಸುರುಳಿಯಾಗಿ ಎಲೆಗಳನ್ನು ಜೋಡಿಸಿಕೊಂಡದ್ದು ಚಂಗಲಕೋಷ್ಟ. ಬಂಡೆಯ ಮೇಲೆ ಬುಡ ಉಬ್ಬಿಸಿಕೊಂಡು ನಿಂತ ಕಲ್ಲುಬಾಳೆಗೆ ಕಂದುಗಳಿಲ್ಲ. ಒಮ್ಮೆ ಗೊನೆ ಹಾಕಿ, ಬೀಜವನ್ನು ಬಿಟ್ಟು, ಸಾಯುತ್ತದೆ. ಅರಿಶಿನದೆಲೆಗೆ ಕಣ್ಣೇ ಬೇಡ, ಮೂಗು ಸಾಕು. ಇವುಗಳಲ್ಲಿ ಒಂದೊಂದರ ಮೇಲೂ ಒಂದೊಂದು ಲೇಖನ ಬರೆಯಬಹುದು. ಆದರೆ ನನ್ನ ಮನಸ್ಸು ಕೆಸುವಿನ ಬಳಿಯೇ ಸುಳಿಯುತ್ತಿದೆ. ಏಕೆಂದರೆ ಮಿಕ್ಕವನ್ನು ತಪ್ಪಾಗಿ ಗುರುತಿಸಿದರೆ ಹೋಗುವುದು ಮಾನ. ಇದನ್ನು ತಪ್ಪಾಗಿ ಗುರುತಿಸಿದರೆ ಹೋಗುವುದು ಗಂಟಲು.

ಎರಡು ವರ್ಷಗಳ ಹಿಂದೆ ಮೈಸೂರಿನಲ್ಲಿ ನಮ್ಮ ಬಡಾವಣೆಯಲ್ಲೇ ಒಂದು ಸಂಗತಿ ನಡೆಯಿತು. ಬಯಲುಸೀಮೆಯಿಂದ ಬಂದ ಒಂದು ಕುಟುಂಬ. ಮೊಬೈಲಿನಲ್ಲಿ ಯಾರೋ ಪತ್ರೊಡೆ ಮಾಡುವುದನ್ನು ತೋರಿಸಿದ್ದನ್ನು ಮನೆಯ ಸೊಸೆ ನೋಡಿದ್ದಳು. ಪಕ್ಕದ ಮನೆಯ ಕೈತೋಟದಲ್ಲಿ ಅಂದಕ್ಕೆ ಬೆಳೆಸಿದ ಅಗಲ ಎಲೆಯ ಗಿಡವಿತ್ತು. ಕೇಳಿ ಕೊಯ್ದು ತಂದಳು. ಶ್ರದ್ಧೆಯಿಂದಲೇ ಅಕ್ಕಿ ರುಬ್ಬಿ, ಹಚ್ಚಿ, ಸುತ್ತಿ, ಬೇಯಿಸಿದಳು. ಮೊದಲ ತುತ್ತಿಗೇ ಮನೆಮಂದಿಯ ಬಾಯಿ ಬೆಂಕಿಯಾಯಿತು. ಐದು ವರ್ಷದ ಮಗುವಿನ ತುಟಿ ಊದಿ, ಜೊಲ್ಲು ಸುರಿದು, ಮಾತು ಹೊರಡದಾಯಿತು. ಆ ರಾತ್ರಿಯನ್ನು ಅವರು ಆಸ್ಪತ್ರೆಯಲ್ಲಿ ಕಳೆದರು. ಮಗು ಮರುದಿನ ಚೇತರಿಸಿಕೊಂಡಿತು. ಆದರೆ ಆ ಸೊಸೆ ಇಂದಿಗೂ ಪತ್ರೊಡೆಯ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಾಳೆ. ಆಕೆಯನ್ನು ದೂರುವುದು ನನಗೆ ಸರಿಯೆನಿಸದು. ಅಕ್ಕಿಗೆ ಹುಣಸೆಹಣ್ಣು ಎಷ್ಟು ಎಂದು ಆಕೆಗೆ ಹೇಳಿದವರುಂಟು. ಎಲೆ ಯಾವುದೆಂದು ತೋರಿಸಿದವರಿರಲಿಲ್ಲ.

ಈ ಉರಿಯ ಗುಟ್ಟೇನು? ಕೆಸುವಿನ ಬಳಗದ ಗಿಡಗಳ ಎಲೆ, ದಂಟು, ಗೆಡ್ಡೆಗಳೆಲ್ಲದರಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಸೂಜಿಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಕಡ್ಡಿಪೆಟ್ಟಿಗೆಯಲ್ಲಿ ಕಡ್ಡಿಗಳನ್ನು ತುಂಬಿದಂತೆ ಕಟ್ಟುಕಟ್ಟಾಗಿ ಜೀವಕೋಶಗಳಲ್ಲಿ ಕುಳಿತಿರುತ್ತವೆ. ಅಗಿದೊಡನೆ ಕೋಶ ಒಡೆದು ಸೂಜಿಗಳು ನಾಲಗೆಗೂ ಗಂಟಲಿಗೂ ನಾಟುತ್ತವೆ. ಗಿಡದ ರಸದಲ್ಲಿರುವ ಕೆರಳಿಸುವ ವಸ್ತುಗಳು ಆ ಗಾಯಗಳ ದಾರಿಯಾಗಿ ಒಳಗಿಳಿಯುತ್ತವೆ. ಎಲೆ ತಿನ್ನುವ ಹುಳುಹುಪ್ಪಟೆಗಳಿಂದ ಪಾರಾಗಲು ಗಿಡ ಹೂಡಿದ ಯುದ್ಧತಂತ್ರವಿದು. ನಿಜವಾದ ಕೆಸುವಿನಲ್ಲಿಯೂ ಈ ಸೂಜಿಗಳಿವೆ ಎಂಬುದನ್ನು ಮರೆಯಬಾರದು. ಹಳ್ಳದ ಅಂಚಿನಲ್ಲಿ ತಾನಾಗಿ ಬೆಳೆದ ಕಾಡುಕೆಸುವಿನ ಉರಿ ಹಿತ್ತಲಿನಲ್ಲಿ ಸಾಕಿದ ಕೆಸುವಿಗಿಂತ ಹೆಚ್ಚು. ಆದುದರಿಂದಲೇ ನಮ್ಮ ಹೆಂಗಸರು ಕೈಗೆ ಕೊಬ್ಬರಿಯೆಣ್ಣೆ ಸವರಿಕೊಂಡು ಎಲೆಯನ್ನು ಮುಟ್ಟುತ್ತಾರೆ; ಬೆನ್ನಿನ ದಪ್ಪ ನರಗಳನ್ನು ಹೆರೆದು ತೆಗೆಯುತ್ತಾರೆ; ಹುಣಸೆಯನ್ನೋ ವಾಟೆಹುಳಿಯನ್ನೋ ಧಾರಾಳವಾಗಿ ಬಳಸುತ್ತಾರೆ; ಹಬೆಯಲ್ಲಿ ಬಹಳ ಹೊತ್ತು ಬೇಯಿಸುತ್ತಾರೆ. ಇವುಗಳಲ್ಲಿ ಒಂದನ್ನು ಬಿಟ್ಟರೂ ಗಂಟಲು ಲೆಕ್ಕ ಕೇಳುತ್ತದೆ. ಪತ್ರೊಡೆಯ ಹುಳಿ ರುಚಿಗಾಗಿ ಬಂದದ್ದೆಂದು ನಾವು ಊಟಕ್ಕೆ ಕುಳಿತವರು ತಿಳಿದಿರುತ್ತೇವೆ. ಅದು ಮೊದಲು ಬಂದದ್ದು ಕಾವಲಿಗಾಗಿ.

ಇನ್ನು ನಗರದ ಮನೆಗಳತ್ತ ಬರೋಣ. ಹೊಳೆಯ ದಡದ ಈ ಬಳಗ ಇಂದು ಕುಂಡಗಳಲ್ಲಿ ಕುಳಿತು ನಮ್ಮ ಹಜಾರಗಳಿಗೇ ಬಂದಿದೆ. ಬಿಳಿಯ, ಕೆಂಪಿನ ಚಿತ್ತಾರ ಬಿಡಿಸಿದ ಕೆಲೇಡಿಯಂ, ಬಗೆಬಗೆಯ ಅಲೊಕೇಸಿಯಗಳು, ತಿಳಿಹಸುರು ಮಚ್ಚೆಯ ಡೀಫನ್‌ಬೇಕಿಯ ಇವೆಲ್ಲವೂ ಕೆಸುವಿನ ನೆಂಟರೇ. ಎಲ್ಲರ ಜೇಬಿನಲ್ಲಿಯೂ ಆ ಸೂಜಿಪೆಟ್ಟಿಗೆ ಇದೆ. ಡೀಫನ್‌ಬೇಕಿಯಕ್ಕೆ ಇಂಗ್ಲಿಷಿನವರು ಮೂಕರ ಕಬ್ಬು ಎಂಬರ್ಥದ ಹೆಸರಿಟ್ಟಿದ್ದಾರೆ. ಅದನ್ನು ಜಗಿದವರ ನಾಲಗೆ ಊದಿ ಮಾತು ನಿಲ್ಲುವುದರಿಂದ. ತೆವಳುವ ಮಕ್ಕಳಿರುವ ಮನೆಯಲ್ಲಿ ಇದನ್ನು ನೆಲದ ಮೇಲಿಡುವುದು ಜಾಣತನವಲ್ಲ. ಮಗು ಅಕಸ್ಮಾತ್ತಾಗಿ ಕಚ್ಚಿದರೆ ಬಾಯಲ್ಲಿರುವುದನ್ನು ತೆಗೆದು, ಬಾಯನ್ನು ಚೆನ್ನಾಗಿ ತೊಳೆದು, ತಣ್ಣನೆಯ ನೀರನ್ನೋ ಹಾಲನ್ನೋ ಗುಟುಕು ಗುಟುಕಾಗಿ ಕುಡಿಸಬೇಕು. ವಾಂತಿ ಮಾಡಿಸಲು ಹೋಗಬಾರದು. ನಾಲಗೆ, ಗಂಟಲು ಊದಿದರೆ, ಉಸಿರು ಕಷ್ಟವಾದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇಲ್ಲೊಂದು ತೊಡಕಿದೆ. ಅಜ್ಜಿಯ ತೊಟ್ಟಿನ ಸೂತ್ರ ತುಂಗೆಯ ದಡದಲ್ಲಿ ಹುಟ್ಟಿದ್ದು. ಅಲ್ಲಿಯ ಗಿಡಗಳಿಗೆ ಅದು ಸಾಲುತ್ತದೆ. ನಗರದ ಕುಂಡಗಳಲ್ಲಿ ದೇಶದೇಶಾಂತರದ ಗಿಡಗಳಿವೆ. ದಕ್ಷಿಣ ಅಮೆರಿಕದ ಕೆಲೇಡಿಯಂನಲ್ಲಿಯೂ ತೊಟ್ಟು ಎಲೆಯ ಬೆನ್ನಿಗೇ ತಾಗುತ್ತದೆ. ಅಲೊಕೇಸಿಯದ ಎಳೆಯ ಗಿಡಗಳಲ್ಲಿಯೂ ಒಮ್ಮೊಮ್ಮೆ ಹಾಗೆಯೇ. ಆದುದರಿಂದ ಸೀಳಿನ ಕೊನೆಯಲ್ಲೇ ತೊಟ್ಟು ಕೂಡಿದ್ದರೆ ‘ಇದು ಕೆಸುವಲ್ಲ’ ಎಂದು ಧೈರ್ಯವಾಗಿ ಹೇಳಬಹುದು. ಬೆನ್ನಿಗೆ ತಾಗಿದ್ದರೆ ‘ಇದು ಕೆಸುವೇ’ ಎಂದು ಹೇಳಲಾಗದು. ನಮ್ಮ ವಕೀಲ ಮಿತ್ರರಿಗೆ ಇದು ಬಹಳ ಹಿಡಿಸಿತು. ಖುಲಾಸೆ ಮಾಡುವ ಸಾಕ್ಷ್ಯ ಬೇರೆ, ಶಿಕ್ಷೆ ವಿಧಿಸುವ ಸಾಕ್ಷ್ಯ ಬೇರೆ ಎಂದು ಅವರು ಒಂದು ಪುಟ್ಟ ಉಪನ್ಯಾಸವನ್ನೇ ಕೊಟ್ಟರು. ಇನ್ನೂ ಒಂದು ಎಚ್ಚರ: ನಿಜವಾದ ಕೆಸುವೇ ಆದರೂ ನಗರದ ಕೊಳಚೆ ಮೋರಿಯ ಬದಿಯಲ್ಲಿ ಸೊಂಪಾಗಿ ಬೆಳೆದುದನ್ನು ಕೊಯ್ಯಬಾರದು. ಅಂಥ ನೀರಿನಲ್ಲಿರುವ ಸೀಸವೇ ಮೊದಲಾದ ಲೋಹಗಳನ್ನು ಗಿಡ ಹೀರಿಕೊಳ್ಳುತ್ತದೆ. ಎಲೆಯ ಹೊರಮೈ ಎಷ್ಟೇ ಶುಚಿಯಾಗಿ ಕಂಡರೂ ಒಳಗಿನದನ್ನು ತೊಳೆಯುವ ಉಪಾಯವಿಲ್ಲ.

ಹಾಗಾದರೆ ಖಚಿತವಾಗಿ ಗುರುತಿಸುವುದು ಹೇಗೆ? ಅಜ್ಜಿಯನ್ನೇ ಕೇಳಿದೆ. “ಗುರುತಿಸೋದು ಯಾಕೆ? ಇದನ್ನ ನಮ್ಮತ್ತೆ ಅವರ ತವರಿಂದ ತಂದು ನೆಟ್ಟಿದ್ದು” ಎಂದರು. ಮೊದಲು ಇದು ಉತ್ತರವೇ ಅಲ್ಲವೆನಿಸಿತು. ಯೋಚಿಸಿದಂತೆಲ್ಲ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲವೆನಿಸತೊಡಗಿತು. ಸಾಕಿದ ಕೆಸುವನ್ನು ಬೀಜದಿಂದ ಬೆಳೆಸುವ ವಾಡಿಕೆಯಿಲ್ಲ. ಒಂದು ಗೆಡ್ಡೆಯ ಮಗ್ಗುಲಲ್ಲಿ ಹುಟ್ಟಿದ ಮರಿಯನ್ನು ಕಿತ್ತು ಇನ್ನೊಂದು ಕಡೆ ನೆಡುತ್ತಾರೆ. ಅಂದರೆ ಒಂದು ಹಿತ್ತಲಿನ ಕೆಸು ಇನ್ನೊಂದು ಹಿತ್ತಲಿನ ಕೆಸುವಿನದೇ ತುಂಡು, ಅದು ಮತ್ತೊಂದರದು. ಏಷ್ಯದ ಈ ಗಿಡ ಸಾವಿರಾರು ವರ್ಷಗಳಲ್ಲಿ ಹೀಗೆಯೇ ಕೈಯಿಂದ ಕೈಗೆ ಸಾಗಿ ಪಶ್ಚಿಮಕ್ಕೆ ಈಜಿಪ್ಟನ್ನು ಸೇರಿತು. ಪೂರ್ವಕ್ಕೆ ದೋಣಿಗಳಲ್ಲಿ ಪಸಿಫಿಕ್ ಸಾಗರವನ್ನು ದಾಟಿ ಹವಾಯಿಯನ್ನು ಮುಟ್ಟಿತು. ಅಲ್ಲಿಯ ಜನರ ಪುರಾಣದಲ್ಲಿ ಕೆಸು ಮಾನವಕುಲಕ್ಕೆ ಅಣ್ಣ. ಗೆಡ್ಡೆಯ ಜೊತೆಗೆ ‘ಇದನ್ನು ಉಣ್ಣಬಹುದು, ಹೀಗೆ ಬೇಯಿಸಬೇಕು’ ಎಂಬ ಮಾತೂ ಅಷ್ಟು ದೂರ ಹೋಗಿದೆ. ಗೆಡ್ಡೆ ಬೇರೆ ದಾರಿಯಲ್ಲಿ, ಮಾತು ಬೇರೆ ದಾರಿಯಲ್ಲಿ ಬಂದದ್ದೇ ನಮ್ಮ ಬಡಾವಣೆಯ ಆ ಮನೆಯಲ್ಲಿ ಆದ ಅನಾಹುತ.

ಹೊರಡುವಾಗ ಅಜ್ಜಿ ಕರಿಕೆಸುವಿನ ನಾಲ್ಕು ಮರಿಗಳನ್ನು ಮಣ್ಣಿನ ಸಮೇತ ಕಿತ್ತು, ಅಡಕೆಯ ಹಾಳೆಯಲ್ಲಿ ಸುತ್ತಿ ಕೊಟ್ಟರು. ದಂಟು ಕಪ್ಪಿರುವುದು ಪತ್ರೊಡೆಗೆ ಲೇಸು, ಹಸುರು ದಂಟಿನದು ಸಾರಿಗೆ ಎಂಬುದು ಆ ಮನೆಯ ಮತ. ಬೇರೆ ಮನೆಯವರು ಬೇರೆ ಹೇಳಬಹುದು. ಎರಡು ಮರಿಗಳು ವಕೀಲರ ಮನೆಗೆ ಹೋದವು. ಮಿಕ್ಕ ಎರಡನ್ನು ನಮ್ಮ ಹಿತ್ತಲಿನಲ್ಲಿ, ಪಾತ್ರೆ ತೊಳೆಯುವ ಸೋಪಿನ ನೀರು ತಾಗದಂತೆ, ಬಾವಿಕಟ್ಟೆಯ ನೆರಳಿನಲ್ಲಿ ನೆಟ್ಟಿದ್ದೇವೆ. ಮೈಸೂರಿನ ಬಿಸಿಲಿಗೆ ಮಲೆನಾಡಿನ ಅಗಲ ಅವಕ್ಕೆ ಬಂದಿಲ್ಲ. ಎಲೆ ಊಟದ ತಟ್ಟೆಯಷ್ಟಾಗಿ ನಿಂತಿದೆ. ಈ ಆಷಾಢಕ್ಕೆ ಎಣಿಸಿದರೆ ಏಳು ಎಲೆಗಳಿವೆ. ಒಂದು ಸುರುಳಿಗೆ ಇನ್ನೂ ಎರಡಾದರೂ ಬೇಕೆಂದು ಮನೆಯಾಕೆಯ ಅಂದಾಜು.